ನಾಲ್ಕು ಸೆಕೆಂಡಿನಲ್ಲಿ ನನ್ನ ಎಮ್ಮೆಯನ್ನು ವಾಪಸು ಕಳಿಸಿದ ಯಂತ್ರಕ್ಕೆ

ಕೂಕಟ್‌ಪಲ್ಲಿ, ಹೈದರಾಬಾದ್
ಏಪ್ರಿಲ್ ೨೦೦೭

ಹಾಲುಹಲ್ಲು ಚಿತ್ರಪುಸ್ತಕ ಪ್ರಕಾಶನದ ಹಸ್ತಪ್ರತಿ ಸ್ವೀಕಾರ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೆ ಕೈಗಳಿಲ್ಲದ ಕಾರಣ ನಮಸ್ಕಾರವನ್ನೂ ಪ್ರತಿನಮಸ್ಕಾರವನ್ನೂ ನಾನೇ ಮಾಡಿಕೊಂಡು, ತಮ್ಮ ಹಾರ್ಡ್‌ಡಿಸ್ಕು, ಫ್ಯಾನು, ಯುಪಿಎಸ್ಸುಗಳ ಕ್ಷೇಮವನ್ನು ವಿಚಾರಿಸಿ, ಇತ್ತ ನಮ್ಮಲ್ಲಿ ದಿನಕ್ಕೆರಡು ಸಲ ಕರೆಂಟು ಹೋಗುವುದೊಂದನ್ನು ಬಿಟ್ಟರೆ ಎಲ್ಲರೂ ಸೌಖ್ಯವೆಂದು ತಿಳಿಸುತ್ತಾ, ಮೂರನೆಯ ಮಹಡಿಯ ನಿವಾಸಿಯೂ ವೃತ್ತಿಯಿಂದ ಸಾಫ್ಟ್‌ವೇರ್ ಪರೀಕ್ಷಕಿಯೂ ಆದ ವತ್ಸಲಾ ಎಂಬ ನಾನು ಮಾಡಿಕೊಳ್ಳುವ ಅರಿಕೆ ಏನೆಂದರೆ, ಕಳೆದ ಸೋಮವಾರ ನಾನು ಕಳಿಸಿದ ಮಕ್ಕಳ ಚಿತ್ರಪುಸ್ತಕವನ್ನು ತಾವು ನಾಲ್ಕೇ ಸೆಕೆಂಡಿನಲ್ಲಿ ಓದಿ, ತೂಗಿ, ತಿರಸ್ಕರಿಸಿದ ವೇಗಕ್ಕೆ ಮೊದಲು ನನ್ನ ಅಭಿನಂದನೆಗಳು. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿನಲ್ಲಿ ಒಗ್ಗರಣೆಯ ಸಾಸಿವೆಯೂ ಸಿಡಿಯುವುದಿಲ್ಲ.

ತಮ್ಮ ಬಾಗಿಲು ತಟ್ಟುವ ಧೈರ್ಯ ಕೊಟ್ಟವರು ತಮ್ಮದೇ ಸಂಸ್ಥೆಯ ಸಂಪಾದಕರು. ನಾನು ಈ ಬಹಿರಂಗ ಪತ್ರ ಕಳಿಸುತ್ತಿರುವ ಇದೇ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಗಲ್ಲಕ್ಕೆ ಕೈಹಚ್ಚಿ ಕುಳಿತ ಫೋಟೋದ ಸಮೇತ, ಐದು ಭಾಷೆಗಳಲ್ಲಿ ಪುಸ್ತಕ ಮಾಡಲು ನಾವು ಸಿದ್ಧರಿದ್ದರೂ ಎರಡು ವರ್ಷದಿಂದ ಒಂದೇ ಒಂದು ಹಸ್ತಪ್ರತಿ ನನ್ನ ಮೇಜಿಗೆ ಬಂದಿಲ್ಲ, ಮಕ್ಕಳಿಗಾಗಿ ಬರೆಯುವವರ ಸಂತತಿಯೇ ನಿಂತುಹೋಗಿದೆ ಎಂದು ಅವರು ಮರುಗಿದ್ದನ್ನು ಓದಿ ನನ್ನ ಕರುಳು ಚುರ್ ಎಂದಿತು. ಪುಣ್ಯಕ್ಕೆ ಆಗ ನನ್ನ ಬಳಿ ಒಂದು ಎಮ್ಮೆ ಇತ್ತು.

ಎಮ್ಮೆ ಎಂದರೆ ಪುಸ್ತಕದ ಎಮ್ಮೆ. ಅದು ನಡುರಸ್ತೆಯಲ್ಲಿ ಮಲಗುತ್ತದೆ. ಬಸ್ಸು ನಿಲ್ಲುತ್ತದೆ, ಕಂಪನಿಯ ಕ್ಯಾಬು ನಿಲ್ಲುತ್ತದೆ, ಶಾಲೆಯ ಆಟೋ ನಿಲ್ಲುತ್ತದೆ, ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಒಬ್ಬ ಪುಟ್ಟ ಹುಡುಗಿ ಆಟೋದಿಂದಿಳಿದು "ಸಾಕಾಗೈತೇನ ನಿನಗ?" ಎಂದು ಕೇಳಿ ಪಕ್ಕದಲ್ಲಿ ಕೂಡುತ್ತಾಳೆ. ಎಮ್ಮೆ ಎದ್ದು ಹೋಗುತ್ತದೆ. ಒಟ್ಟು ನಲವತ್ತೊಂದು ಪದಗಳು. ಇದು ನಮ್ಮ ಬೀದಿಯಲ್ಲೇ ನಡೆದದ್ದು, ಹಾಗೆ ಕುಳಿತವಳು ನನ್ನ ಆರು ವರ್ಷದ ಮಗಳು ಪಿಂಕಿ, ಚಿತ್ರಗಳೂ ಅವಳವೇ. ಬೀದಿಯಲ್ಲಿ ತೆಲುಗು, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಆಡುವ ಹುಡುಗಿ ಮನೆಯ ಹೊರಗೆ ಕನ್ನಡ ಮಾತಾಡಿದ್ದು ಆ ಎಮ್ಮೆಯೊಂದರ ಜತೆಗೇ. ಕಥೆ ಕೇಳಿದ ನನ್ನ ಅತ್ತೆ ಅಂಬುಬಾಯಿಯವರು ಮಾತ್ರ, "ಕಥಿ ಭಾಳ ಚಲೋ ಐತಿ, ಖರೆ ಎಮ್ಮಿ ಹಾಲು ಎಷ್ಟು ಕೊಡತೈತಿ ಅಂಬೋದ ಬರದೇ ಇಲ್ಲಲ್ಲ" ಎಂದರು.

ಇನ್ನು ಹಸ್ತಪ್ರತಿಯ ಜತೆ ತಾವು ತುಂಬಿಸಿಕೊಳ್ಳುವ ಅರ್ಜಿಯ ವಿಚಾರ. ನಲವತ್ತೊಂದು ಪದಗಳ ಕಥೆಗೆ ತಾವು ಐನೂರು ಪದಗಳ ಸಾರಾಂಶ ಕೇಳಿದಿರಿ, ನಾನು ಎಮ್ಮೆಯ ಅಜ್ಜಿಯ ತವರಿನಿಂದ ಶುರುಮಾಡಿ ಐನೂರನ್ನೂ ಮುಟ್ಟಿಸಿದೆ. ಮುಖ್ಯ ಪಾತ್ರದ ಅಂತರಂಗದ ತುಮುಲವನ್ನು ವಿವರಿಸಿ ಎಂದಿದ್ದಿರಿ, ಅದಕ್ಕಾಗಿ ನಮ್ಮ ಕಾಲೊನಿಯ ಹಿಂದಿನ ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ಎಮ್ಮೆಯ ಮುಖವನ್ನೇ ನೋಡಿದೆ, ತುಮುಲವೇನೂ ಕಾಣದಿದ್ದರೂ ಬರೆದೆ. ಇಂಥದ್ದೇ ಮೂರು ಪುಸ್ತಕಗಳನ್ನು ಹೆಸರಿಸಿ, ತಮ್ಮದು ಅವುಗಳಂತೆ ಏಕಿಲ್ಲ ತಿಳಿಸಿ ಎಂದಿರಿ, ತಿಳಿಸಿದೆ. ಓದುಗರ ವಯಸ್ಸು ಐದರಿಂದ ಏಳು ಎಂದ ಮೇಲೂ ಅವರ ಉದ್ಯೋಗ ಕೇಳಿದಿರಿ, ಹಲ್ಲು ಬೀಳಿಸಿಕೊಳ್ಳುವುದು ಎಂದು ತುಂಬಿದೆ. ವೃತ್ತಿಧರ್ಮಕ್ಕೆ ಕಟ್ಟುಬಿದ್ದವಳಾದ್ದರಿಂದ ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ.

ಅದಕ್ಕೆ ತಾವು ದಯಪಾಲಿಸಿದ ಉತ್ತರವನ್ನು ಓದುಗ ಬಾಂಧವರ ಅವಗಾಹನೆಗೆ ಇಲ್ಲಿ ಕೊಡುತ್ತಿದ್ದೇನೆ: "ಪ್ರಿಯ ಲೇಖಕರೇ, ತಮ್ಮ ಅರ್ಜಿ ಅಪೂರ್ಣವಾಗಿರುವುದರಿಂದ ಸಂಪಾದಕರಿಗೆ ಕಳಿಸಲಾಗುವುದಿಲ್ಲ. ಬೇಸರ ಬೇಡ. ಚಳಿ ಬಹಳವಿದೆ, ಸ್ವೆಟರ್ ಹಾಕಿಕೊಳ್ಳಿ, ಕಿವಿಯಲ್ಲಿ ಅರಳೆ ಇಟ್ಟುಕೊಳ್ಳಿ." ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ಮಧ್ಯಾಹ್ನದಲ್ಲಿ, ಲೇಖಕರ ಕಿವಿಯ ಬಗ್ಗೆ ಇಷ್ಟು ಕಾಳಜಿ ತೋರಿದ ಪ್ರಕಾಶನ ಇನ್ನೊಂದಿರಲಾರದು. ಆದರೆ ಅದೇ ಹೊತ್ತಿಗೆ ಪಿಂಕಿ, ಬರುವ ಶನಿವಾರ ಅಮ್ಮನ ಪುಸ್ತಕ ತಂದು ಓದುತ್ತೇನೆ ಎಂದು ತರಗತಿಯ ನಲವತ್ತು ಮಕ್ಕಳಿಗೂ ಟೀಚರಿಗೂ ಮಾತು ಕೊಟ್ಟು ಬಂದಿದ್ದಳು. ಕಳಿಸಿದರೆ ಪುಸ್ತಕ ಬರುತ್ತದೆ ಎಂಬುದು ಅವಳ ನಂಬಿಕೆ.

ತಮ್ಮ ಪತ್ರವನ್ನು ಊಟದ ಹೊತ್ತಿಗೆ ಅತ್ತೆಯವರಿಗೆ ಓದಿ ಹೇಳಿದೆ. ಅವರು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಇದು ನನ್ನ ಮಾತಲ್ಲೇನ? ದಿನಾ ಥಂಡ್ಯಾಗ ಆಫೀಸಿಗಿ ಹೋಗಾಕತ್ತಾಗ ನಿನಗ ನಾನs ಹೇಳತಿದ್ದೆ. ಆ ಮಶೀನಿಗಿ ಯಾರ ಕಲಿಸಿದ್ರು?" ಎಂದು ಕೇಳಿದರು. ಆಗ ಆ ಬಿಸಿಲಿನಲ್ಲೂ ನನಗೆ ಸ್ವೆಟರ್ ನಿಜಕ್ಕೂ ಬೇಕೆನಿಸಿತು.

ಮಾನ್ಯರೇ, ಕಲಿಸಿದವಳು ನಾನು. ೨೦೦೪ರ ಡಿಸೆಂಬರಿನಲ್ಲಿ ನಮ್ಮ ಕಂಪನಿಯೇ ತಮ್ಮನ್ನು ಕಟ್ಟಿತು, ಪರೀಕ್ಷಿಸಿದವಳು ನಾನು, ಕಟ್ಟಿಸಿಕೊಂಡವರ ಹೆಸರು ಕೂಡ ನಮಗೆ ತಿಳಿಸಿರಲಿಲ್ಲ, ಆಮೇಲಿನ ಹತ್ತಾರು ಕೆಲಸಗಳ ನಡುವೆ ನಾನೂ ಮರೆತೇಬಿಟ್ಟಿದ್ದೆ. ಅಪೂರ್ಣ ಅರ್ಜಿಗೆ ಒಂದು ಪತ್ರ, ಪೂರ್ಣ ಅರ್ಜಿಗೆ ಇನ್ನೊಂದು ಪತ್ರ ಅವರಿಂದ ಬರಬೇಕಿತ್ತು, ಬರಲಿಲ್ಲ. ನಮ್ಮ ಮ್ಯಾನೇಜರ್ ಯಶವಂತ ಅವರು "ಶುಕ್ರವಾರ ಡೆಲಿವರಿ ಇದೆ, ಸದ್ಯ ಏನಾದ್ರೂ ತುಂಬಿ, ಆಮೇಲೆ ಬದಲಾಯಿಸ್ತಾರೆ" ಎಂದಾಗ, ಬೆಳಿಗ್ಗೆ ಅತ್ತೆಯವರಿಂದ ಕೇಳಿಬಂದದ್ದನ್ನೇ ಮೊದಲನೆಯದಕ್ಕೆ ತುಂಬಿದೆ. ಎರಡನೆಯದನ್ನು ಖಾಲಿ ಬಿಟ್ಟೆ. ಖಾಲಿ ಪತ್ರ ಸಿಕ್ಕರೆ ತಾವು ಗಾಬರಿಯಾಗದೆ ಮೊದಲನೆಯದನ್ನೇ ಕಳಿಸಿ, ಅರ್ಜಿಯನ್ನು ಮುಚ್ಚಿಬಿಡುವಿರಿ ಎಂಬುದು ನನಗೆ ತಿಳಿಯಲಿಲ್ಲ, ಏಕೆಂದರೆ ಅರ್ಧಂಬರ್ಧ ತುಂಬಿದ ಅರ್ಜಿಗಳನ್ನು ಇನ್ನೂರು ಬಗೆಯಲ್ಲಿ ಕೊಟ್ಟು ತಮ್ಮನ್ನು ಪರೀಕ್ಷಿಸಿದ ನಾನು, ಸರಿಯಾಗಿ ತುಂಬಿದ ಅರ್ಜಿಯನ್ನು ಒಂದು ಸಲವೂ ಕೊಟ್ಟು ನೋಡಲಿಲ್ಲ. ತಪ್ಪು ಹುಡುಕುವುದೇ ಕಸುಬಾದವರಿಗೆ ಸರಿಯಾದದ್ದೊಂದು ಬರಬಹುದೆಂದು ಹೊಳೆಯುವುದು ಕಷ್ಟ. "ಎಲ್ಲವೂ ಸರಿಯಿದೆ" ಎಂದು ಸಹಿ ಹಾಕಿದೆ.

ಹೀಗಾಗಿ ಎರಡು ವರ್ಷದಿಂದ ಅದೆಷ್ಟು ಅಳಿಲು, ಆನೆ, ಚಂದಮಾಮ, ರೊಟ್ಟಿ ತಿನ್ನುವ ರಾಜರು ತಮ್ಮ ಬಾಗಿಲಿಗೆ ಬಂದು, ಅರಳೆ ತುಂಬಿದ ಕಿವಿಯೊಂದಿಗೆ ವಾಪಸು ಹೋದರೋ ದೇವರೇ ಬಲ್ಲ. ಅವರೆಲ್ಲರ ಕ್ಷಮೆ ಕೇಳುತ್ತೇನೆ, ನನ್ನ ಎಮ್ಮೆಯದನ್ನೂ ಸೇರಿಸಿ. ಸಂಪಾದಕರಿಗೆ ನೇರವಾಗಿ ತಿಳಿಸೋಣವೆಂದರೆ ತಮ್ಮ ಸಂಸ್ಥೆಗೆ ಬರುವ ಪತ್ರಗಳೆಲ್ಲ ತಮ್ಮ ಮುಖಾಂತರವೇ ಹೋಗಬೇಕೆಂಬ ವ್ಯವಸ್ಥೆಯಿದೆ, ಅದನ್ನೂ ಪಾಸು ಮಾಡಿದವಳು ನಾನೇ. ಆದ್ದರಿಂದ ಸಂಪಾದಕರ ಕಣ್ಣಿಗೆ ಬೀಳುವ ಇದೇ ಪುರವಣಿಗೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ಶನಿವಾರದೊಳಗೆ ತಾವು ಹೌದು ಎನ್ನುವುದನ್ನು ಸ್ವಂತ ಪ್ರಯತ್ನದಿಂದ ಕಲಿತು, ಪುಸ್ತಕವನ್ನು ಅಚ್ಚು ಹಾಕಿಸಿ, ಸಾಧ್ಯವಾದರೆ ತಾವೇ ಬಸ್ಸು ಹತ್ತಿ ಬಂದು ಪಿಂಕಿಯ ಕೈಗೆ ಕೊಡಬೇಕು. ಅದಾಗದಿದ್ದರೆ ಸಂಪಾದಕರಿಗೆ ಗಲ್ಲದ ಮೇಲಿನ ಕೈ ತೆಗೆಯಲು ತಿಳಿಸಬೇಕು. ಅದೂ ಆಗದಿದ್ದರೆ, ಕನಿಷ್ಠ ಬೇಸಿಗೆಯಲ್ಲಿ ಮಜ್ಜಿಗೆ ಕುಡಿಯಿರಿ ಎಂದಾದರೂ ಬರೆಯಬೇಕು.

ಈ ಪತ್ರದ ಒಂದು ಪ್ರತಿಯನ್ನು ತಮಗೂ ಕಳಿಸುತ್ತಿದ್ದು, ನಾಲ್ಕನೆಯ ಸೆಕೆಂಡಿನ ತಮ್ಮ ಉತ್ತರಕ್ಕಾಗಿ ಸ್ವೆಟರ್ ಹಾಕಿಕೊಂಡೇ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ವತ್ಸಲಾ

ತಾ.ಕ.: ಕರೆಂಟಿಲ್ಲದೆ ಪತ್ರ ಕಳಿಸುವುದು ತಡವಾಗಿ ಶನಿವಾರ ಕಳೆದೇಹೋಯಿತು. ಹಿಂದಿನ ದಿನ ಅತ್ತೆಯವರು ಪಿಂಕಿಯ ಚಿತ್ರದ ಹಾಳೆಗಳನ್ನು ಕೌದಿಯ ದಾರದಿಂದ ಹೊಲಿದುಕೊಟ್ಟರು. ನಲವತ್ತು ಮಕ್ಕಳಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಆದರೂ ಪಿಂಕಿ "ಸಾಕಾಗೈತೇನ ನಿನಗ?" ಎಂದು ಓದಿ ಕುಳಿತ ಕೂಡಲೇ ಎಲ್ಲರೂ ನೆಲದ ಮೇಲೆ ಕುಳಿತರಂತೆ, ಗಂಟೆ ಹೊಡೆದರೂ ಏಳಲಿಲ್ಲವಂತೆ, ಕೊನೆಗೆ ಟೀಚರು ಬಂದು ಅವರ ಪಕ್ಕ ಕುಳಿತ ಮೇಲೆಯೇ ಎದ್ದರಂತೆ. ಇಂಥ ಪುಸ್ತಕ ಯಾವ ಪ್ರಕಾಶನದ್ದು ಎಂದು ಟೀಚರು ಕೇಳಿದರು. ಪಿಂಕಿ "ನಮ್ಮ ಅಜ್ಜೀದು" ಎಂದಳು.