ಮೂರನೇ ಸ್ಟುಡಿಯೋದ ಕುರ್ಚಿ

ಒಂದು ಗಂಟೆಯ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿದವನನ್ನು ಯಾರೂ ಹೊಗಳಬಾರದು. ಅವನು ಏನೋ ಮರೆತಿರುತ್ತಾನೆ. ತಂತಿಯ ಕತೆಯೂ ಹಾಗೇ ಆಯಿತು. ಕಡ್ಡಿಯಂಥ ಮೈ, ಹೆಗಲ ಮೇಲೆ ಸದಾ ಕೇಬಲ್ ಸುರುಳಿ, ಹಾಗಾಗಿ ಟಿ.ವಿ. ಕೇಂದ್ರದವರು ಅವನಿಗಿಟ್ಟ ಹೆಸರು ಅದು.

ಅಂದು ಸುದ್ದಿಮನೆಗೆ ಹೊಸ ಪ್ಯಾನೆಲ್ ಬಂದಿತ್ತು. ಕೇಂದ್ರದ ಎಲ್ಲ ಕ್ಯಾಮೆರಾಗಳ ಚಿತ್ರಗಳೂ ರೌಟರ್ ಎಂಬ ದೊಡ್ಡ ಪೆಟ್ಟಿಗೆಗೆ ಹೋಗುತ್ತವೆ. ಯಾವ ಚಿತ್ರ ಯಾವ ಪರದೆಗೆ ಎಂದು ಅದಕ್ಕೆ ದೂರದಿಂದಲೇ ಅಪ್ಪಣೆ ಕೊಡುವ ಗುಂಡಿಗಳ ಸಾಲೇ ಪ್ಯಾನೆಲ್. ಮನೆಗೊಂದು ನಂಬರಿರುವ ಹಾಗೆ ಪ್ರತಿ ಪ್ಯಾನೆಲಿಗೂ ನೆಟ್‌ವರ್ಕಿನಲ್ಲಿ ಅದರದೇ ವಿಳಾಸ ಇರಬೇಕು. ತಂತಿ ಇಷ್ಟೆಲ್ಲ ಹೊಂದಿಸುವ ಗೋಜಿಗೆ ಹೋಗದೆ, ಮುಚ್ಚಿದ್ದ ಮೂರನೇ ಸ್ಟುಡಿಯೋದ ಹಳೆ ಪ್ಯಾನೆಲಿನ ಸೆಟ್ಟಿಂಗನ್ನೇ ನೆಟ್‌ವರ್ಕಿನ ಮೂಲಕ ಇಡಿಯಾಗಿ ನಕಲು ಮಾಡಿದ. ಗುಂಡಿಗಳನ್ನು ತಿದ್ದಿದ, ವಿಳಾಸ ತಿದ್ದಲು ಮರೆತ, ಊಟಕ್ಕೆ ಹೋದ.

ಸಂಜೆ ಆರರ ಸುದ್ದಿ ಹೊಸ ಪ್ಯಾನೆಲಿನಿಂದ ಸುಸೂತ್ರವಾಗಿ ಹೋದರೆ ತಂತಿಗೆ ಖಾಯಂ ಕೆಲಸ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಇದ್ದದ್ದು ಒಂದೇ ಹುದ್ದೆ. ಹೆಂಡತಿಯಂತೂ ಬೆಳಿಗ್ಗೆಯೇ ತವರಿಗೆ ಫೋನ್ ಮಾಡಿ, ಆಗಿಹೋಯಿತು ಎಂದೇ ಹೇಳಿಬಿಟ್ಟಿದ್ದಳು.

ಊಟ ಮುಗಿಸಿ ಬಂದರೆ ಸುದ್ದಿಮನೆಯಲ್ಲಿ ಯಾರೂ ಕೂತಿರಲಿಲ್ಲ. ಎಲ್ಲರೂ ಗೋಡೆಗೆ ಅಂಟಿಕೊಂಡು ಪರದೆ ನೋಡುತ್ತಿದ್ದರು. ಪರದೆಯಲ್ಲಿ ಮಬ್ಬುಗತ್ತಲ ಕೋಣೆ, ನಡುವೆ ಗೋಡೆಯ ಕಡೆ ತಿರುಗಿದ ಒಂದು ಖಾಲಿ ಕುರ್ಚಿ.

"ಒಂದನೇ ಗುಂಡಿ ಒತ್ತಿದ್ರೆ ನಮ್ಮ ಕ್ಯಾಮೆರಾ ಬರುತ್ತೆ. ಆಮೇಲೆ ಅದು ತಾನಾಗೇ ಹೋಗಿ ಇದು ಬರುತ್ತೆ" ಎಂದಳು ಮೇಕಪ್ ಅಕ್ಕ. "ಅದು ಯಾರ ಕುರ್ಚಿ ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಹಿರಿಯ ವಾರ್ತಾವಾಚಕರದು. ಆಯುಸ್ಸೆಲ್ಲ ಅದರಲ್ಲೇ ಕೂತು ಓದಿ, ಒಂದು ಸಂಜೆ ಸುದ್ದಿಯ ನಡುವೆಯೇ ಅಲ್ಲೇ ತಲೆ ವಾಲಿಸಿದ್ದರು. ಅಂದಿನಿಂದ ಮೂರನೇ ಸ್ಟುಡಿಯೋಗೆ ಬೀಗ. ಒಳಗಿನ ಕ್ಯಾಮೆರಾ, ಪ್ಯಾನೆಲ್ ಆರಿಸಲೂ ಯಾರಿಗೂ ಧೈರ್ಯ ಬಂದಿರಲಿಲ್ಲ.

"ಅರ್ಧಕ್ಕೆ ಬಿಟ್ಟು ಹೋದೋರಿಗೆ ನೆಮ್ಮದಿ ಇರಲ್ಲ ಕಣಪ್ಪ" ಎಂದ ಡ್ರೈವರ್. "ಹೊಸ ಮಷೀನ್ ಬಂದಿದೆ ಅಂತ ನೋಡೋಕೆ ಬಂದಿರ್ಬೇಕು."

"ದೆವ್ವನೂ ಇಲ್ಲ, ಮಣ್ಣೂ ಇಲ್ಲ. ನೆಟ್‌ವರ್ಕೇ ಸರಿ ಇಲ್ಲ" ಎಂದ ತಂತಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆಂದು ಪರದೆಯತ್ತ ನೋಡಿದ. ಕುರ್ಚಿ ಈಗ ಅರ್ಧ ಇತ್ತ ತಿರುಗಿತ್ತು.

ಪ್ಯಾನೆಲನ್ನು ಆರಿಸಿ ಹೊತ್ತಿಸಿದ. ಕುರ್ಚಿ ಸುದ್ದಿಮನೆಯಿಂದ ಪಡಸಾಲೆಯ ಪರದೆಗೆ ಹೋಯಿತು, ಅಲ್ಲಿಂದ ಸಾಹೇಬರ ಕೋಣೆಗೂ ಹೋಯಿತು. ಸಾಹೇಬರು ಬೇರೆ ಕಡೆಯಿಂದ ಹೋದ ತಿಂಗಳಷ್ಟೇ ಬಂದವರು, ಈ ಹಳೆಯ ಸಂಗತಿ ಒಂದೂ ತಿಳಿಯದು.

"ಏನ್ರೀ ಇದು, ಪೀಠೋಪಕರಣದ ಜಾಹೀರಾತಾ?" ಎಂದರು. "ಆರು ಗಂಟೆಗೆ ಆ ಕುರ್ಚಿ ಕಂಡ್ರೆ ನಿಮ್ಮ ಕುರ್ಚಿ ಇರಲ್ಲ."

ಸುದ್ದಿಗೆ ಇನ್ನೇನು ಹೊತ್ತಾಯಿತು ಎನ್ನುವಾಗ ತಂತಿಗೆ ವಿಳಾಸದ ನೆನಪಾಯಿತು. ಎರಡು ಪ್ಯಾನೆಲಿಗೆ ಒಂದೇ ವಿಳಾಸ. ಪಾಪ, ರೌಟರ್ ಯಾರ ಮಾತು ಕೇಳಬೇಕು? ಹೊಸದನ್ನು ತಿದ್ದಿ ಮತ್ತೆ ಹೊತ್ತಿಸಲು ಸಮಯವಿಲ್ಲ. ಹಳೆಯದರ ಕೇಬಲ್ ಕಿತ್ತರೆ ಸಾಕು. ಆದರೆ ಅದಕ್ಕೆ ಮೂರನೇ ಸ್ಟುಡಿಯೋಗೆ ಹೋಗಬೇಕು.

"ಧೈರ್ಯವಾಗಿ ಹೋಗು" ಎಂದು ಡ್ರೈವರ್ ಟಾರ್ಚ್ ಕೊಟ್ಟ. "ನಾವೆಲ್ಲ ಪರದೇಲಿ ನೋಡ್ತಾ ಇರ್ತೀವಿ."

ಬೀಗ ತೆಗೆದರೆ ಒಳಗೆ ಕೊರೆಯುವ ಚಳಿ. ಹಳೆ ಪ್ಯಾನೆಲಿನ ಗುಂಡಿಗಳು ಕತ್ತಲಲ್ಲಿ ಬೆಳಗುತ್ತಿದ್ದವು. ಕುರ್ಚಿ ಈಗ ನೇರವಾಗಿ ಕ್ಯಾಮೆರಾ ನೋಡುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಟಾರ್ಚ್ ಬಿಟ್ಟು ಬಿಟ್ಟು ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ಟಾರ್ಚನ್ನು ಬಾಯಲ್ಲಿ ಕಚ್ಚಿ, ಕುರ್ಚಿಗೆ ಬೆನ್ನು ಹಾಕಿ, ಅದರ ಮುಂದೆ ಪ್ಯಾನೆಲಿದ್ದ ಮೇಜಿನಡಿ ತೆವಳಿದ. ಬೆನ್ನ ಹಿಂದೆ ಯಾರೋ ಕಾಗದ ಮಗುಚಿದ ಸದ್ದು. ಬೆಚ್ಚಿ ಎದ್ದವನ ಮೊಣಕೈ ಹಳೆ ಪ್ಯಾನೆಲಿನ ಒಂದನೇ ಗುಂಡಿಗೆ ಬಡಿಯಿತು. ಕ್ಯಾಮೆರಾದ ಮೇಲೆ ಕೆಂಪು ದೀಪ ಹೊತ್ತಿತು.

ಕೆಂಪು ದೀಪ ಎಂದರೆ ನಾಡೆಲ್ಲ ನೋಡುತ್ತಿದೆ ಎಂದರ್ಥ. ಗಾಬರಿಯಲ್ಲಿ ಕೇಬಲನ್ನೇ ಕಿತ್ತ. ರೌಟರ್ ಕೊನೆಯ ಅಪ್ಪಣೆಯನ್ನೇ, ಅಂದರೆ ಆ ಕುರ್ಚಿಯ ಚಿತ್ರವನ್ನೇ, ಹಿಡಿದು ಕೂತುಬಿಟ್ಟಿತು. ಅತ್ತ ಹೊಸ ಪ್ಯಾನೆಲ್ ಮುಟ್ಟಲು ಸುದ್ದಿಮನೆಯಲ್ಲಿ ಒಬ್ಬನಿಗೂ ಎದೆಯಿರಲಿಲ್ಲ. ಚಿತ್ರ ಬದಲಿಸಲೆಂದು ತಂತಿ ಆ ಕೇಬಲನ್ನು ಮತ್ತೆ ಸಿಕ್ಕಿಸಲು ಒದ್ದಾಡುತ್ತ, ಧೂಳು ಮೆತ್ತಿದ ಮುಖವನ್ನು ಆಗಾಗ ನಾಡಿಗೆ ತೋರಿಸುತ್ತ, ಸುದ್ದಿಯ ಹೊತ್ತೆಲ್ಲ ಅಲ್ಲೇ ಕಳೆದ.

ಸೋತು ಹೊರಬಂದಾಗ ಸಾಹೇಬರು ಎದುರಿಗೇ ನಿಂತಿದ್ದರು.

"ನಿಮ್ಮನ್ನ ತೆಗೆದೇ ಹಾಕ್ಬೇಕು ಅಂತಿದ್ದೆ" ಎಂದರು. "ಆದ್ರೆ ಅವರನ್ನ ನೋಡಿ ಸಿಟ್ಟು ಇಳೀತು. ನೀವು ಅವರ ಕಾಲಡಿ ತೆವಳ್ತಿದ್ರೂ ಒಂದಕ್ಷರ ತಪ್ಪದೆ ಇಡೀ ಸುದ್ದಿ ಓದಿದ್ರಲ್ಲ, ಎಂಥ ಕಂಠ. ಯಾರವರು?"

"ಯಾರು ಸಾರ್?"

"ಕುರ್ಚಿಯಲ್ಲಿ ಕೂತಿದ್ದವರು."

ತಂತಿ ತಿರುಗಿ ಸ್ಟುಡಿಯೋದ ಬಾಗಿಲು ನೋಡಿದ. "ಅಲ್ಲಿ ಮೈಕೇ ಇಲ್ಲ ಸಾರ್. ಬೀಗ ಹಾಕೋಕೆ ಮುಂಚೆ ನಾನೇ ಬಿಚ್ಚಿ ತಂದಿದ್ದೆ."

ಹಿಂದೆ ಮೇಕಪ್ ಅಕ್ಕ ಬಾಗಿಲು ಹಿಡಿದು ನಿಂತಿದ್ದಳು. "ಆ ಮುಖಕ್ಕೆ ವರ್ಷಗಟ್ಟಲೆ ಪೌಡರ್ ಹಚ್ಚಿದೋಳು ನಾನು" ಎಂದಳು ಮೆಲ್ಲಗೆ.

"ನಿಮಗೆಲ್ಲ ಪರಿಚಯದವರೇ ಅಂದ್ಹಾಗಾಯ್ತು. ಒಳ್ಳೇದೇ ಆಯ್ತು" ಎಂದರು ಸಾಹೇಬರು. "ಆ ಖಾಯಂ ಹುದ್ದೆ ಅವರಿಗೇ. ನಾಳೆಯಿಂದ ಬರೋಕೆ ಹೇಳಿ. ನೀವು ಬೇಜಾರು ಮಾಡ್ಕೋಬೇಡಿ ತಂತಿ, ಈಗಿನ ಸಂಬಳಕ್ಕೇ ಅವರ ಸಹಾಯಕರಾಗಿರಿ."

"ಎಲ್ಲಿ ಸಾರ್?"

"ಇನ್ನೆಲ್ಲಿ, ಅದೇ ಸ್ಟುಡಿಯೋದಲ್ಲಿ. ಅಷ್ಟು ದೊಡ್ಡ ಕೋಣೇಲಿ ಪಾಪ ಅವರೊಬ್ಬರೇ ಹೇಗಿರ್ತಾರ್ರಿ?"