ಹೊಳೆಯ ದಂಡೆಯ ಅಂಗಿಯ ಪಂಚನಾಮೆ

ದಡ್ಡಿ ಊರಿನ ಬಸವಣ್ಣೆಪ್ಪನಿಗೆ ಆವತ್ತು ಹೆಣ್ಣು ನೋಡುವ ದಿನ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಒಕ್ಕಲುತನ ಮಾಡುವವನಿಗೆ ಹೆಣ್ಣು ಕೊಡುವವರೇ ಇಲ್ಲದ ಈ ಕಾಲದಲ್ಲಿ, ಗೋಕಾಕದ ನಿವೃತ್ತ ಮಾಸ್ತರರೊಬ್ಬರು ಮಗಳು ದಾಕ್ಷಾಯಿಣಿಯ ಫೋಟೋ ಕಳಿಸಿ, ಮಧ್ಯಾಹ್ನದೊಳಗೆ ಬಂದು ನೋಡಿಹೋಗಲಿ ಎಂದಿದ್ದರು. ಮಾಸ್ತರರದು ಒಂದೇ ಷರತ್ತು. ಅದು ಬಸವಣ್ಣನವರ ಮಾತಿನಂತೆ ನಡೆಯುವ ಮನೆ. ಜಾತಕ, ಗ್ರಹ, ಶನಿಕಾಟ ಎಂದು ಬಾಯಿಬಿಟ್ಟವನಿಗೆ ಅಲ್ಲಿ ಚಹಾ ಕೂಡ ಸಿಗುವುದಿಲ್ಲ.

ಆದರೆ ಸೋದರತ್ತೆ ಅಲ್ಲವ್ವ ಬಿಡಬೇಕಲ್ಲ. ಇಷ್ಟು ವರ್ಷ ಮದುವೆ ತಪ್ಪಿಸಿದವನು ಶನಿಯೇ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

"ನಸುಕಿನ್ಯಾಗ ಹೊಳಿಗೆ ಹೋಗು. ಮೈಮ್ಯಾಲಿನ ಅರಿವಿ, ಕಾಲಾಗಿನ ಚಪ್ಪಲ್ಲ ದಂಡಿಮ್ಯಾಲ ಬಿಡು. ಮುಳುಗೆದ್ದು ಹೊಳ್ಳಿ ನೋಡದ ಬಾ. ಶನಿ ಅಲ್ಲೇ ಉಳಿತಾನ."

ಬಸವಣ್ಣೆಪ್ಪ ಹಾಗೆಯೇ ಮಾಡಿದ. ಹಳೆಯ ಅಂಗಿ, ಧೋತರ ಮಡಚಿ ಇಟ್ಟು, ಮೇಲೆ ಚಪ್ಪಲಿ ಹೇರಿ, ಘಟಪ್ರಭೆಯಲ್ಲಿ ಮುಳುಗೆದ್ದು, ಟವೆಲ್ ಸುತ್ತಿಕೊಂಡು, ಹಿಂದೆ ತಿರುಗಿ ನೋಡದೆ, ಮಳೆಯಲ್ಲಿ ತೊಯ್ದ ಕೋಳಿಯ ಹಾಗೆ ಮನೆ ಸೇರಿದ. ಆಮೇಲೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಅತ್ತೆಗೆ ಬಿಟ್ಟರೆ ಯಾರಿಗೂ ಹೇಳದೆ ಬಸ್ಸಿಗೆ ಹೊರಟ. ಬಾಜೂ ಮನೆಯ ಯಲ್ಲಾರಿಗೆ ಗೊತ್ತಾದರೆ ಇವನಿಗಿಂತ ಮೊದಲೇ ಬೀಗರ ಮನೆಗೆ ಹೋಗಿ ಇಲ್ಲದ್ದು ಹೇಳಿ ಬರುವ ಮನುಷ್ಯ ಅವನು.

ಬಸ್ ಸ್ಟ್ಯಾಂಡಿನಲ್ಲಿ ನರಪಿಳ್ಳೆ ಇರಲಿಲ್ಲ. ಯಾಕೆಂದು ಯೋಚಿಸುವಷ್ಟರಲ್ಲಿ ಪೊಲೀಸ್ ಜೀಪು ಬಂದು ಎದುರಿಗೇ ನಿಂತಿತು. ಹೊಳೆಯ ದಂಡೆಯಲ್ಲಿ ಯಾರದೋ ಬಟ್ಟೆ, ಚಪ್ಪಲಿ ಸಿಕ್ಕಿವೆ, ಮನುಷ್ಯ ಮುಳುಗಿದ್ದಾನೆ, ಪಂಚನಾಮೆಗೆ ಸಾಕ್ಷಿ ಬೇಕು ಎಂದು ಹವಾಲ್ದಾರ ಹೇಳಿದ. ಪಂಚನಾಗಿ ಒಮ್ಮೆ ಸಹಿ ಮಾಡಿದವನು ವರ್ಷಗಟ್ಟಲೆ ಹುಕ್ಕೇರಿ ಕೋರ್ಟಿಗೆ ಅಲೆಯಬೇಕು. ಅದಕ್ಕೇ ಜೀಪಿನ ಸಪ್ಪಳ ಕೇಳಿ ಊರಿಗೆ ಊರೇ ಕಬ್ಬಿನ ಗದ್ದೆ ಹೊಕ್ಕಿತ್ತು.

"ಇಸ್ತ್ರಿ ಅಂಗಿ ಹಾಕ್ಕೊಂಡೀರಿ, ಮರ್ಯಾದಸ್ತರ ಕಾಣ್ತೀರಿ. ಹತ್ರಿ ಗಾಡಿ."

"ಸಾಹೇಬ್ರ, ಗೋಕಾಕಕ್ಕ ಅರ್ಜೆಂಟ್ ಕೆಲಸ ಐತ್ರಿ."

"ಸತ್ತಾಂವಗೂ ಏನರ ಕೆಲಸ ಇದ್ದಿರಬೇಕು. ಹತ್ರಿ."

ದಂಡೆಗೆ ಬಂದು ನೋಡಿದರೆ ಅವನದೇ ಅಂಗಿ, ಅವನದೇ ಚಪ್ಪಲಿ. ನಂದು ಎಂದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಶನಿಗೆ ಎಂದರೆ ಸಂಜೆಯೊಳಗೆ ಮಾಸ್ತರರಿಗೆ ಸುದ್ದಿ ಮುಟ್ಟುತ್ತದೆ. ಬಸವಣ್ಣೆಪ್ಪ ಬಾಯಿಗೆ ಬೀಗ ಹಾಕಿದ. ಬೇಗ ಸಹಿ ಒಗೆದು ಮುಂದಿನ ಬಸ್ಸು ಹಿಡಿದರಾಯಿತು ಎಂದುಕೊಂಡ.

ಬೇಗ ಮುಗಿಯಗೊಡಬೇಕಲ್ಲ ಜನ. ಪೊಲೀಸರಿಗೆ ಸಾಕ್ಷಿ ಸಿಕ್ಕಿದ್ದು ಕಂಡದ್ದೇ ತಡ, ಗದ್ದೆ ಹೊಕ್ಕವರೆಲ್ಲ ನೋಡಲು ಹೊರಬಂದರು. ಕೆಲಸಕ್ಕೆ ಕರೆದರೆ ಇಲ್ಲ, ನೋಡಲಿಕ್ಕೆ ಕರೆಯದೆಯೂ ಹಾಜರು, ಥೂ. ಯಲ್ಲಾರಿಯಂತೂ ಕರೆಯದೆಯೇ ಪಂಚನಾದ. ಸತ್ತವನನ್ನು ತಾನು ನಸುಕಿನಲ್ಲಿ ಕಣ್ಣಾರೆ ಕಂಡಿದ್ದಾಗಿ, ಅವನು ಆರಡಿ ಆಳೆಂದು, ದಪ್ಪ ಮೀಸೆಯೆಂದು, ಅಳುತ್ತ ನೀರಿಗಿಳಿದನೆಂದು ಬರೆಸಿದ. ಕುಳ್ಳಗೆ, ಮೀಸೆಯಿಲ್ಲದ ಬಸವಣ್ಣೆಪ್ಪ ಪಕ್ಕದಲ್ಲೇ ನಿಂತು ಎಲ್ಲ ಕೇಳಿದ. ಅಷ್ಟರಲ್ಲಿ ಊರಿನ ಮುದುಕಿ ಕರೆವ್ವ ಚಪ್ಪಲಿಯ ಮುಂದೆ ಕುಳಿತು, ಸತ್ತವನು ಯಾರೆಂದು ಗೊತ್ತಿಲ್ಲದಿದ್ದರೂ, ಅವನ ಬಂಗಾರದಂಥ ಗುಣಗಳನ್ನು ಒಂದೊಂದಾಗಿ ಹೇಳಿ ಅಳತೊಡಗಿದಳು. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಬಸವಣ್ಣೆಪ್ಪ ಬದುಕಿನಲ್ಲೇ ಕೇಳಿರಲಿಲ್ಲ.

ಆಗ ಹವಾಲ್ದಾರ ಅಂಗಿಯ ಕಿಸೆಗೆ ಕೈಹಾಕಿದ. ದಾಕ್ಷಾಯಿಣಿಯ ಫೋಟೋ ಹೊರಬಂತು.

ಬಸವಣ್ಣೆಪ್ಪ ಜನರ ಹಿಂದೆ ಸರಿದ. ಹಿಂದಿನ ರಾತ್ರಿ ಫೋಟೋ ನೋಡುತ್ತ ಮಲಗಿ, ಅದೇ ಅಂಗಿಯಲ್ಲಿ ಎದ್ದು ಬಂದಿದ್ದ. ಫೋಟೋದ ಹಿಂದೆ ಮಾಸ್ತರರ ಫೋನ್ ನಂಬರು ಬೇರೆ. ಹವಾಲ್ದಾರ ಫೋನ್ ಮಾಡಿ, ನಿಮ್ಮ ಮಗಳ ಸಲುವಾಗಿ ಯಾರೋ ಹೊಳೆಗೆ ಹಾರಿದ್ದಾರೆ ಎಂದ. ವರನಿಗಾಗಿ ಕಾಯುತ್ತಿದ್ದ ಮಾಸ್ತರರು ಮಗಳನ್ನು ಕರೆದುಕೊಂಡು ನೇರ ಕಾರು ಹತ್ತಿದರು.

ಅವರು ಬಂದಾಗ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾಕ್ಷಾಯಿಣಿ ಅಂಗಿಯ ಮುಂದೆ ಕೂತಳು. ಕಣ್ಣು ತುಂಬಿದ್ದವು. ಫೋಟೋ ಒಬ್ಬನಿಗೇ ಕೊಟ್ಟದ್ದು, ಇದೇ ಊರಿನ ಬಸವಣ್ಣೆಪ್ಪನಿಗೆ ಎಂದು ಮಾಸ್ತರರು ಹೇಳಿದರು.

ಕರೆವ್ವ ಅಳು ನಿಲ್ಲಿಸಿದಳು. "ಬಸವಣ್ಣೆಪ್ಪ? ಅಂವ ಇಲ್ಲೇ ನಿಂತಾನಲ್ರಿ."

ಎಲ್ಲರೂ ತಿರುಗಿ ನೋಡಿದರು. ಈಜಲು ಬಂದು ಬಟ್ಟೆ ಮರೆತೆ ಎಂದು ಬಸವಣ್ಣೆಪ್ಪ ತೊದಲಿದ. ಅವನು ಬಸ್ಸು ಹತ್ತಲಿಲ್ಲವೆಂದು ತಿಳಿದು ಹುಡುಕುತ್ತ ಬಂದ ಅಲ್ಲವ್ವ ದೂರದಿಂದಲೇ ಕೂಗಿದಳು.

"ಅದನ್ನ ಮುಟ್ಟಬ್ಯಾಡೋ, ಶನಿ ಬಿಟ್ಟ ಅರಿವಿ ಅದು. ಮುಟ್ಟಿದ್ರ ಹೊಳ್ಳಿ ಹತ್ತತಾನ."

ಮಾಸ್ತರರ ಮುಖ ಕೆಂಪಾಯಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಅಪ್ಪಾ, ನನ್ನ ಸಲುವಾಗಿ ಒಬ್ಬಾಂವ ಜೀವಾ ಬಿಟ್ಟಾನಂತ ತಿಳದ್ನಿ. ಇಲ್ಲಿ ನೋಡಿದ್ರ ನನ್ನ ಫೋಟೋನ ಶನಿ ಜೋಡಿ ಹೊಳಿಗೆ ಬಿಟ್ಟಾಂವ ಅದಾನ. ನಡೀ, ಹೋಗೂಣು."

ಕಾರು ಧೂಳೆಬ್ಬಿಸಿ ಹೋಯಿತು. ಹವಾಲ್ದಾರನ ಸಿಟ್ಟು ನೆತ್ತಿಗೇರಿತ್ತು. ಹೆಣವೇ ಇಲ್ಲದ ಮೇಲೆ ಮಾಲು ಠಾಣೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ವಾರಸುದಾರ ಒಯ್ಯಲೇಬೇಕು ಎಂದು ಅಂಗಿ, ಧೋತರ, ಚಪ್ಪಲಿಗಳನ್ನು ಗಂಟು ಕಟ್ಟಿ ಬಸವಣ್ಣೆಪ್ಪನ ಕೈಗೆ ತುರುಕಿದ. ಅಲ್ಲವ್ವ ಎದೆ ಬಡಿದುಕೊಂಡಳು.

ಬಸವಣ್ಣೆಪ್ಪ ಎರಡು ಸಲ ಸಹಿ ಮಾಡಬೇಕಾಯಿತು. ಮುಟ್ಟಿತು ಎಂದು ಒಂದು. ಬಸವಣ್ಣೆಪ್ಪನಿಗೆ ಮುಟ್ಟಿದ್ದನ್ನು ತಾನು ಕಣ್ಣಾರೆ ಕಂಡೆ ಎಂದು, ಪಂಚನಾಗಿ, ಇನ್ನೊಂದು. ಆಮೇಲೆ ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ಊರ ಕಡೆ ನಡೆದ. ಈ ಸಲವೂ ಹೊಳ್ಳಿ ನೋಡಲಿಲ್ಲ. ನೋಡಲು ಶನಿ ಹಿಂದೆಲ್ಲಿದ್ದ, ಕಂಕುಳಲ್ಲೇ ಇದ್ದನಲ್ಲ.