ಎಡಗೆನ್ನೆಯ ಅರಿಶಿನ

ವಿಷಾದದಿಂದ ತಿಳಿಸಬೇಕಾದ ಸಂಗತಿ: ಪೀಣ್ಯದ ನಮ್ಮ ಲ್ಯಾಬಿನ ಕೆಮಿಸ್ಟನ ಎಡಗೆನ್ನೆ ಹಳದಿಯಾಯಿತು. ಬಲಗೆನ್ನೆ ಕ್ಷೇಮವಾಗಿತ್ತು. ಮುಖಕ್ಕೆ ಹಚ್ಚುವುದನ್ನೇ ಕಸುಬು ಮಾಡಿಕೊಂಡವರಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ.

೧. ಅರ್ಧ ಮುಖ

ನಾವು ಅರಿಶಿನದ ಸತ್ವವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಕ್ರೀಮು ಮಾಡುತ್ತೇವೆ. ಗುಳ್ಳೆ ಚರ್ಮದೊಳಗೆ ಹೋಗಿ ನಿಧಾನವಾಗಿ ಒಡೆಯಬೇಕು, ಬಣ್ಣ ಮೇಲೆ ಕಾಣಬಾರದು. ಮೊದಲ ಪರೀಕ್ಷೆ ನಮ್ಮ ಮೇಲೆಯೇ. ಎಡಗೆನ್ನೆಗೆ ಕ್ರೀಮು, ಬಲಗೆನ್ನೆ ಹೋಲಿಕೆಗೆ ಖಾಲಿ. ಪರೀಕ್ಷೆ ಮುಗಿಯುವವರೆಗೆ ಅದಕ್ಕೆ ಪೌಡರ್ ಕೂಡ ಸೋಕಬಾರದು.

ಈ ಸಲ ಗುಳ್ಳೆಗಳು ಒಳಗೆ ಹೋಗುವ ತೊಂದರೆ ತೆಗೆದುಕೊಳ್ಳದೆ ಮೇಲೆಯೇ ಒಡೆದವು.

"ಮೇಡಂ, ಸೋಪು ಹಾಕಿ ಉಜ್ಜಿದ್ರೂ ಹೋಗ್ತಿಲ್ಲ."

ಲ್ಯಾಬಿನ ಮುಖ್ಯಸ್ಥೆ ಅವನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಸಕ್ಕತ್ತಾಗಿ ಹಿಡ್ಕೊಂಡಿದೆ ಕಣೋ!"

"ಭಾನುವಾರ ಹೂಡೀಲಿ ಹೆಣ್ಣು ನೋಡೋಕೆ ಹೋಗ್ಬೇಕು ಮೇಡಂ. ಇದೂ ತಪ್ಪೋದ್ರೆ ಅಮ್ಮ ಮನೆಗೇ ಸೇರಿಸಲ್ಲ."

"ಧಾರಾಳವಾಗಿ ಹೋಗಿ ಬಾ. ಬಲಗೆನ್ನೆ ಮಾತ್ರ ಹುಷಾರು."

೨. ಮೆಟ್ರೋದಲ್ಲಿ

ಟಿ. ದಾಸರಹಳ್ಳಿಯಲ್ಲಿ ಅವನು, ಅವನ ತಾಯಿ, ಧೈರ್ಯ ಹೇಳಲು ನಾನು ಮೆಟ್ರೋ ಹತ್ತಿದೆವು. ಅವನ ಎಡಕ್ಕೆ ಕೂತಿದ್ದ ಹೆಂಗಸು, "ಅರಿಶಿನ ಶಾಸ್ತ್ರ ಆಯ್ತಾ ಅಣ್ಣ? ಮದ್ವೆ ಯಾವಾಗ?" ಎಂದು ಕೇಳಿದರು.

ಬಲಕ್ಕೆ ಕೂತಿದ್ದವರು, "ಯಾರಿಗೆ ಮದ್ವೆ?" ಎಂದರು.

೩. ಹೆಣ್ಣಿನ ಮನೆ

ಹೂಡಿಯಲ್ಲಿ ಅವನು ಎಲ್ಲರಿಗೂ ಬಲಗೆನ್ನೆ ತೋರಿಸುತ್ತ, ಗೋಡೆಯ ಕ್ಯಾಲೆಂಡರನ್ನೇ ಓದುತ್ತ ಕೂತ. ಹುಡುಗಿಯ ಅಜ್ಜಿ ಮಾತ್ರ ಉಪ್ಪಿಟ್ಟು ಹಿಡಿದು ಕ್ಯಾಲೆಂಡರಿನ ಕಡೆಯಿಂದ ಬಂದರು. ತಟ್ಟೆ ಕೆಳಗಿಟ್ಟರು.

"ಅರ್ಧ ಅರಿಶಿನ ಹಚ್ಚುಸ್ಕೊಂಡು ಯಾವ ಮದ್ವೆ ಮನೆಯಿಂದ ಎದ್ದು ಓಡ್ಬಂದೆ ಮಗಾ?"

ಅವನು ಗುಳ್ಳೆಗಳ ವಿಚಾರ ವಿವರಿಸಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಅದೇನಾರ ಆಗ್ಲಿ. ಇಂಗೆ ಅರ್ಧಕ್ಕೆ ಬುಟ್ರೆ ಒಳ್ಳೇದಾಗಾಕಿಲ್ಲ." ಒಳಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲಸಿ ತಂದರು. "ಈ ಕಡೆ ತಿರುಗು."

ಅವನು ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡ. "ಬೇಡ ಅಜ್ಜಿ! ಮೇಡಂ ಬೈತಾರೆ!"

"ಯಾವಳಲಾ ಅವಳು ಮೇಡಂ?"

ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟರು. ಹುಡುಗನ ತಾಯಿ ನನ್ನ ಮುಖ ನೋಡಿದರು. ಧೈರ್ಯ ಹೇಳಲು ಬಂದ ನಾನು ಉಪ್ಪಿಟ್ಟು ನೋಡಿದೆ.

ಬಾಗಿಲ ಬಳಿ ನಗು ತಡೆದುಕೊಂಡು ನಿಂತಿದ್ದ ಹುಡುಗಿ ಹೇಳಿದಳು: "ಹಚ್ಚಿಸ್ಕೊಂಡ್ಬಿಡಿ. ನಮ್ಮಜ್ಜಿ ಬಿಡಲ್ಲ."

ಅವನು ಅವಳನ್ನು ನೋಡಿದ. ವಿಜ್ಞಾನವನ್ನು ನೆನೆದ. ಕೈ ತೆಗೆದ.

ಸೋಮವಾರ ಅವನನ್ನು ಪರೀಕ್ಷೆಯಿಂದ ಕೈಬಿಡಲಾಯಿತು. ಮದುವೆ ನಿಶ್ಚಯವಾಯಿತು. ಅಜ್ಜಿಯ ಅರಿಶಿನ ಅಂದೇ ಮುಖ ತೊಳೆದಾಗ ಹೋಗಿತ್ತು. ನಮ್ಮದು ನಿಶ್ಚಿತಾರ್ಥದ ಫೋಟೋಗಳಲ್ಲೂ ಇದೆ.